ಆಫೀಸಿನಲ್ಲಿ ಕೂಗಾಡುವುದು ಹುಟ್ಟುಗುಣವೇ, ಅಥವಾ ತಿದ್ದಿಕೊಳ್ಳಬಹುದೇ?

ಸ್ವಭಾವದ ಪಾಲು ಇದೆ. ಆದರೆ ತಿದ್ದಿಕೊಳ್ಳಲು ಜಾಗವೂ ಸಾಕಷ್ಟಿದೆ.

ಮನಶ್ಶಾಸ್ತ್ರದಲ್ಲಿ ಸ್ವಭಾವವನ್ನು ಸಾಮಾನ್ಯವಾಗಿ ಐದು ಗುಣಗಳಲ್ಲಿ ಅಳೆಯುತ್ತಾರೆ. ಇಲ್ಲಿ ಮುಖ್ಯವಾದವು ಎರಡು. ಹೊಂದಿಕೊಂಡು ಹೋಗುವ ಗುಣ ಕಡಿಮೆ ಇದ್ದು, ಬೇಗ ಕಳವಳಗೊಳ್ಳುವ ಗುಣ ಜಾಸ್ತಿ ಇದ್ದವರಲ್ಲಿ ಕೂಗಾಟ, ಚುಚ್ಚುಮಾತು ಹೆಚ್ಚು ಕಾಣುತ್ತದೆ.

ನನ್ನ ಪ್ರಕಾರ ಇದಕ್ಕಿಂತ ದೊಡ್ಡದು, ಎದುರಿನವರನ್ನು ನಾವು ಅರ್ಥ ಮಾಡಿಕೊಳ್ಳುವ ರೀತಿ. ಮ್ಯಾನೇಜರ್ ಮೇಲ್‌ಗೆ ಉತ್ತರ ಕೊಡಲಿಲ್ಲ ಅಂದುಕೊಳ್ಳಿ. ಒಬ್ಬರಿಗೆ 'ಪಾಪ, ಬ್ಯುಸಿ ಇರಬೇಕು' ಅನ್ನಿಸುತ್ತದೆ. ಇನ್ನೊಬ್ಬರು 'ಬೇಕಂತಲೇ ಕಡೆಗಣಿಸಿದರು' ಅಂತ ಸಂಜೆವರೆಗೂ ಕುದಿಯುತ್ತಾರೆ. ಆ ಸಿಟ್ಟು ಕೊನೆಗೆ ಜೂನಿಯರ್ ಮೇಲೆ ಬೀಳುತ್ತದೆ, ಅಲ್ವಾ?

ಭಾವನೆ ನಿಭಾಯಿಸುವ ಕೌಶಲ ಕೈಹಿಡಿಯುವುದು ಇಲ್ಲೇ. ಸಿಟ್ಟನ್ನು ಸುಮ್ನೆ ನುಂಗಿಕೊಂಡರೆ ಮುಖ ಶಾಂತವಾಗಿ ಕಾಣಬಹುದು, ಒಳಗಿನ ಕುದಿತ ಇಳಿಯುವುದಿಲ್ಲ. ನಡೆದದ್ದನ್ನು ಬೇರೆ ಕಡೆಯಿಂದ ನೋಡಲು ಕಲಿತರೆ ಸಿಟ್ಟೇ ಕಡಿಮೆಯಾಗುತ್ತದೆ. ಇದು ಅಭ್ಯಾಸದಿಂದ ಬರುವಂಥದ್ದು.

ಆದರೆ ಈ ಕೌಶಲ ಇದ್ದವರೆಲ್ಲ ಒಳ್ಳೆಯವರು ಅಂದುಕೊಳ್ಳಬೇಡಿ. ಟೊರಾಂಟೊ ವಿಶ್ವವಿದ್ಯಾಲಯದ ಸಂಶೋಧಕರು 2011ರಲ್ಲಿ ಇದನ್ನು ತೋರಿಸಿದರು. ಸ್ವಾರ್ಥಕ್ಕೆ ಬೇರೆಯವರನ್ನು ಬಳಸಿಕೊಳ್ಳುವವರಿಗೆ ಭಾವನೆಗಳ ತಿಳುವಳಿಕೆಯೂ ಚೆನ್ನಾಗಿದ್ದಾಗ, ಅವರು ಸಹೋದ್ಯೋಗಿಗಳನ್ನು ನೋಯಿಸುವುದು ಇನ್ನೂ ಜಾಸ್ತಿಯಾಗಿತ್ತು.

ಅನ್ಯಾಯ, ಅತಿಯಾದ ಒತ್ತಡ ಇರುವ ಕಡೆ ಶಾಂತ ಸ್ವಭಾವದವರೂ ಸಿಡಿಯುತ್ತಾರೆ. ಬಾಸೇ ಕೂಗಾಡುವ ಆಫೀಸಿನಲ್ಲಿ ಕೆಳಗಿನವರಿಗೆ ಮಾತ್ರ ತರಬೇತಿ ಕೊಡಿಸುವುದು ನ್ಯಾಯವಲ್ಲ.