ನಿಮ್ಮ ಅಂಕಪಟ್ಟಿಯಲ್ಲಿ ಹುಡುಗಿಯೇ ಇಲ್ಲ

ನಮಸ್ಕಾರ.

ಅಮೆರಿಕದ ಕೋರ್ಟುಗಳಲ್ಲಿ ಮಕ್ಕಳ ಪರ ನಿಲ್ಲುವ ವಕೀಲರನ್ನು ಅಳೆಯುವುದು ಹೇಗೆ ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ‘ವಿಷಾದಿಸುತ್ತೇವೆ’ ಅಂತ ಎರಡು ಸಾಲು ಗೀಚಿ ಕೈತೊಳೆದುಕೊಳ್ಳುವ ಬರಹವೂ ಇದಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನೀವು ಒಂದು ದಿನ ಕೋರ್ಟಿನಲ್ಲಿ ಕೂತು ವಕೀಲರೊಬ್ಬರಿಗೆ ಅಂಕ ಕೊಟ್ಟಿದ್ದೀರಿ. ದನಿಗೆ 8, ಕಾನೂನಿನ ತಿಳಿವಳಿಕೆಗೆ 7, ಪಾಟೀಸವಾಲಿಗೆ 9. ಫಸ್ಟ್ ಕ್ಲಾಸ್! ಆದರೆ ಇದೇ ಪಟ್ಟಿ ಹಿಡಿದು ಆಸ್ತಿ ವ್ಯಾಜ್ಯದ ವಕೀಲರಿಗೂ ಅಂಕ ಹಾಕಬಹುದು. ಇದರಲ್ಲಿ ಮಗುವಿನ ಮಾತು ಎಲ್ಲಿ ಬಂತು?

ಬಂದಿದೆ, ನಿಮಗೇ ಗೊತ್ತಿಲ್ಲದ ಹಾಗೆ, ಮೂರನೇ ಪುಟದಲ್ಲಿ. ವಿಚಾರಣೆಗೆ ಎರಡು ನಿಮಿಷ ಇರುವಾಗ ವಕೀಲರು ಕಾರಿಡಾರಿನಲ್ಲಿ ಬೆಂಚಿನ ಮುಂದೆ ಕುಕ್ಕರಗಾಲಲ್ಲಿ ಕೂರುತ್ತಾರೆ. ಫೈಲನ್ನು ನೆಲಕ್ಕಿಟ್ಟು ‘ನಿನ್ನ ಹೆಸರೇನು ಪುಟ್ಟಾ?’ ಅನ್ನುತ್ತಾರೆ. ಹುಡುಗಿ ಶೂ ಲೇಸನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಾಳೆ. ಇದನ್ನು ನೀವು ‘ಮನಮಿಡಿಯುವ ದೃಶ್ಯ’ ಎಂದಿದ್ದೀರಿ. ನನಗೆ ಹೊಟ್ಟೆ ತೊಳಸಿತು. ಹೆಸರು ಕೇಳ್ತಿದ್ದಾರೆ ಅಂದರೆ ಅವರು ಆ ಮಗುವನ್ನು ನೋಡಿದ್ದೇ ಆಗ, ಅಲ್ವಾ? ಸ್ವಲ್ಪ ಹೊತ್ತಿಗೆ ಅವರೇ ಜಡ್ಜ್ ಮುಂದೆ ನಿಂತು, ಆ ಹುಡುಗಿ ಯಾರ ಮನೆಯಲ್ಲಿ ಬೆಳೆಯಬೇಕು ಅಂತ ಹೇಳುತ್ತಾರೆ. ಅಮೆರಿಕದ ವಕೀಲರ ಸಂಘವೇ 1996ರಲ್ಲಿ ಮನೆಯವರ ನಿರ್ಲಕ್ಷ್ಯದಂಥ ಈ ಕೇಸುಗಳಿಗೆ ಮಾನದಂಡ ಮಾಡಿದೆ. ಮಗುವಿನ ವಯಸ್ಸು ಎಷ್ಟೇ ಇರಲಿ, ವಿಚಾರಣೆಗೆ ಮುಂಚೆ ಅದನ್ನು ಹೋಗಿ ನೋಡಬೇಕು ಅನ್ನುತ್ತದೆ ಅದು. ಕಾರಿಡಾರಿನ ಎರಡು ನಿಮಿಷವನ್ನು ಆ ಲೆಕ್ಕಕ್ಕೆ ಹಾಕೋದು ಹೇಗೆ? ಲೇಖನ ಶುರುವಾಗಬೇಕಾದ್ದು ಇಲ್ಲಿ. ನೀವು ಅದನ್ನು ದಾಟಿಕೊಂಡು ದನಿಯ ಏರಿಳಿತ ವರ್ಣಿಸಲು ಹೋಗಿಬಿಟ್ಟಿರಿ.

ಇನ್ನೊಂದು ಗಂಭೀರ ತಪ್ಪು. ಹುಡುಗಿ ‘ಅಮ್ಮನ ಹತ್ರ ಹೋಗ್ತೀನಿ’ ಅಂದಳು. ವಕೀಲರು ಜಡ್ಜ್ ಮುಂದೆ ‘ಈಗಲೇ ಬೇಡ’ ಅಂದರು. ನೀವು ‘ನಿಷ್ಠೆ’ ಕಾಲಮ್ಮಿನಲ್ಲಿ ಸೊನ್ನೆ ಸುತ್ತಿದಿರಿ. ಅವಸರ ಮಾಡಿದಿರಿ. ಅವರನ್ನು ಯಾವ ಪಾತ್ರದಲ್ಲಿ ನೇಮಿಸಿದ್ದರು ಅಂತ ಮೊದಲು ನೋಡಬೇಕಿತ್ತು. ಮಗುವಿನ ಮಾತನ್ನು ಕೋರ್ಟಿಗೆ ಮುಟ್ಟಿಸುವ ವಕೀಲರಾಗಿದ್ದರೆ ನಿಮ್ಮ ಸೊನ್ನೆ ಸರಿ. ಆದರೆ ‘ಗಾರ್ಡಿಯನ್ ಆಡ್ ಲೈಟಮ್’ ಆಗಿದ್ದರೆ ಅವರ ಕೆಲಸವೇ ಬೇರೆ: ಮಗುವಿಗೆ ಯಾವುದು ಒಳ್ಳೆಯದು ಅಂತ ತನಗೆ ಕಂಡದ್ದನ್ನು ಹೇಳುವುದು. ಒಂದೇ ಮಾತು, ಒಂದು ಪಾತ್ರದಲ್ಲಿ ದ್ರೋಹ, ಇನ್ನೊಂದರಲ್ಲಿ ಕರ್ತವ್ಯ. ಆಗಲೂ ಒಂದು ಪ್ರಶ್ನೆ ಉಳಿಯುತ್ತದೆ. ‘ಮಗು ಅಮ್ಮನ ಹತ್ತಿರ ಹೋಗಬೇಕು ಅನ್ನುತ್ತಿದೆ, ನನಗೆ ಮಾತ್ರ ಹಾಗನಿಸುವುದಿಲ್ಲ’ ಅಂತ ಎರಡನ್ನೂ ಹೇಳಿದರಾ? ಅಥವಾ ಹುಡುಗಿಯ ಮಾತನ್ನು ನುಂಗಿ ತಮ್ಮದನ್ನಷ್ಟೇ ಹೇಳಿದರಾ? ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಇದ್ದರೆ ಹುಡುಕಿ. ಸೊನ್ನೆಯೋ ಹತ್ತೋ ಅನ್ನೋದು ಅಲ್ಲಿದೆ.

ಗಾಲ್ಟ್ ಪ್ರಕರಣಕ್ಕೆ ಎರಡು ಪುಟ ಜಾಸ್ತಿಯಾಯಿತು. ಕಥೆ ಚೆನ್ನಾಗಿದೆ, ಒಪ್ಪುತ್ತೇನೆ. ಅರಿಜೋನಾದ 15 ವರ್ಷದ ಹುಡುಗ, ಒಂದು ಅಸಭ್ಯ ಫೋನ್ ಕರೆಯ ಆರೋಪ. ದೊಡ್ಡವರಾಗಿದ್ದರೆ 5ರಿಂದ 50 ಡಾಲರ್ ದಂಡ, ಇಲ್ಲವೇ ಹೆಚ್ಚೆಂದರೆ ಎರಡು ತಿಂಗಳ ಜೈಲು. ಇವನನ್ನು ವಕೀಲರೇ ಇಲ್ಲದೆ, 21 ತುಂಬುವವರೆಗೂ ಇಟ್ಟುಕೊಳ್ಳಬಹುದು ಅಂತ ಬಾಲಾಪರಾಧಿಗಳ ಸರ್ಕಾರಿ ಶಾಲೆಗೆ ಕಳಿಸಿಬಿಟ್ಟರು. 1967ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದು ತಪ್ಪು ಅಂದಿತು. ಆದರೆ ಅದು ಅಪರಾಧದ ಆರೋಪ ಹೊತ್ತ ಮಕ್ಕಳಿಗೆ ವಕೀಲರು ಸಿಗಬೇಕೆಂಬ ಹಕ್ಕು. ನಿಮ್ಮ ಹುಡುಗಿ ಯಾವ ತಪ್ಪೂ ಮಾಡಿಲ್ಲ, ಅವಳದು ಮನೆಯವರ ನಿರ್ಲಕ್ಷ್ಯದ ಕೇಸು. ಅದಕ್ಕೆ 1974ರ ಫೆಡರಲ್, ಅಂದರೆ ಕೇಂದ್ರದ, ಕಾನೂನಿದೆ. ಮಗುವಿನ ಪರ ಒಬ್ಬರು ಇರಲೇಬೇಕು ಅನ್ನುತ್ತದೆ, ಅವರು ವಕೀಲರೇ ಆಗಿರಬೇಕು ಅನ್ನುವುದಿಲ್ಲ. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.

ಆ ವಕೀಲರನ್ನು ಖಳನಾಯಕ ಮಾಡಬೇಡಿ ಅಂತಲೂ ಹೇಳಬೇಕು. ಅವರ ಕೈಯಲ್ಲಿ ಎಷ್ಟು ಕೇಸಿದ್ದವು ಅಂತ ಕೇಳಿದಿರಾ? ಮಕ್ಕಳ ವಕೀಲರ ರಾಷ್ಟ್ರೀಯ ಸಂಘಟನೆ ಒಬ್ಬರಿಗೆ 100 ಮಕ್ಕಳಿಗಿಂತ ಜಾಸ್ತಿ ಬೇಡ ಅಂತ ಹಿಂದೆಯೇ ಹೇಳಿತ್ತು. ಜಾರ್ಜಿಯಾ ರಾಜ್ಯದ ಎರಡು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳ ಹಾಗೆ) ಇದಕ್ಕಿಂತ ಎಷ್ಟೋ ಜಾಸ್ತಿ ಮಕ್ಕಳು ಒಬ್ಬೊಬ್ಬರ ಪಾಲಿಗೆ ಬಂದು, ವಿಷಯ ಫೆಡರಲ್ ಕೋರ್ಟಿನವರೆಗೂ ಹೋಯಿತು. 2005ರ ತೀರ್ಪು ಅದು. ಓದಿಕೊಳ್ಳಿ. ಹೆಸರು ಕೇಳಿದ್ದು ಉದಾಸೀನದಿಂದಲೋ, ಹೊರೆಯಿಂದಲೋ ಅನ್ನುವ ಅನುಮಾನವಾದರೂ ನಿಮ್ಮ ಬರಹದಲ್ಲಿರಲಿ.

ಹುಡುಗಿಯ ವಯಸ್ಸು, ಶಾಲೆ, ತಮ್ಮನ ಅಡ್ಡಹೆಸರು ಎಲ್ಲ ತೆಗೆಯಿರಿ. ಇದರಲ್ಲಿ ಚೌಕಾಸಿ ಇಲ್ಲ. ಶೂ ಲೇಸು ಇರಲಿ.

ತಿದ್ದಿ ಕಳಿಸಿ, ಇನ್ನೊಮ್ಮೆ ನೋಡುತ್ತೇನೆ. ಹಾಂ, ಪುಟ್ಟಾ ಅಂತ ಕೇಳಿದಾಗ ಅವಳು ಉತ್ತರ ಕೊಟ್ಟಳಾ, ಸುಮ್ನೆ ಇದ್ದಳಾ? ನೀವು ಬರೆದೇ ಇಲ್ಲ. ಹೆಸರು ಬೇಡ, ಅಷ್ಟು ಬರೆಯಿರಿ.