ಸಂಪಾದಕರ ಉತ್ತರ: ಕಲ್ಲಿದ್ದಲಿನ ತೈಲ ಮತ್ತು ಜಲಜನಕದ ಲೆಕ್ಕ

ಮಾನ್ಯರೇ,

ಕಳೆದ ಸಂಚಿಕೆಯ ಕಲ್ಲಿದ್ದಲು ಲೇಖನವನ್ನು ಕುರಿತ ನಿಮ್ಮ ಪತ್ರ ತಲುಪಿದೆ. ಲಿಗ್ನೈಟ್‌ನಂತಹ ಕೀಳುದರ್ಜೆಯ ಕಲ್ಲಿದ್ದಲು ಅಗ್ಗ, ಅದನ್ನು ತೈಲವಾಗಿಸುವ ವೇಗವರ್ಧಕ ಖರ್ಚಾಗುವುದೇ ಇಲ್ಲ ಎಂದು ನಾವೇ ಬರೆದಿರುವಾಗ, ಆ ತೈಲ ದುಬಾರಿಯಾಗುವುದು ಹೇಗೆ ಎಂದು ಕೇಳಿದ್ದೀರಿ. ಪ್ರಶ್ನೆ ನ್ಯಾಯವಾದುದು, ಗೊಂದಲಕ್ಕೆ ನಮ್ಮ ವಾಕ್ಯವೂ ಕಾರಣ.

ವೇಗವರ್ಧಕ ಕ್ರಿಯೆಯನ್ನು ಚುರುಕುಗೊಳಿಸುತ್ತದೆಯೇ ಹೊರತು ಇಲ್ಲದ ಪದಾರ್ಥವನ್ನು ತಂದುಕೊಡುವುದಿಲ್ಲ. ಪೆಟ್ರೋಲ್, ಡೀಸೆಲ್‌ಗಳಲ್ಲಿ ಇಂಗಾಲದ ಒಂದು ಪರಮಾಣುವಿಗೆ ಜಲಜನಕದ ಸುಮಾರು ಎರಡು ಪರಮಾಣುಗಳಿದ್ದರೆ, ಕಲ್ಲಿದ್ದಲಿನಲ್ಲಿ ಒಂದು ತುಂಬುವುದೂ ಕಷ್ಟ. ಆ ಕೊರತೆಯನ್ನು ಹೊರಗಿನಿಂದಲೇ ತುಂಬಬೇಕು. ಲಿಗ್ನೈಟ್‌ನಲ್ಲಿ ಇನ್ನೊಂದು ತೊಡಕಿದೆ: ತೇವ, ಬೂದಿ ಕಳೆದು ಉಳಿಯುವ ತೂಕದಲ್ಲಿ ಸುಮಾರು ಐದನೇ ಒಂದು ಭಾಗ ಆಮ್ಲಜನಕವೇ ಆಗಿದ್ದು, ಅದರಲ್ಲಿ ಬಹಳಷ್ಟು, ನಾವು ದುಡ್ಡು ಸುರಿದು ತಯಾರಿಸಿದ ಜಲಜನಕವನ್ನೂ ಕಟ್ಟಿಕೊಂಡು ನೀರಾಗಿ ಹೊರಬೀಳುತ್ತದೆ. ಗಣಿಯಿಂದ ಬಂದ ಹಸಿ ಲಿಗ್ನೈಟ್‌ನಲ್ಲಿ ಅರ್ಧದಷ್ಟು ನೀರಿರುವುದೂ ಉಂಟು. ಅದನ್ನು ಒಣಗಿಸುವ ಖರ್ಚು ಬೇರೆ. ಇಷ್ಟಾದರೂ, ಗಟ್ಟಿ ಕಲ್ಲಿದ್ದಲಾದ ಆಂಥ್ರಸೈಟ್‌ಗಿಂತ ಈ ಎಳೆಯ ಕಲ್ಲಿದ್ದಲೇ ತೈಲವಾಗಲು ಬೇಗ ಒಗ್ಗುತ್ತದೆ ಎಂಬುದು ಸೋಜಿಗ.

ಜರ್ಮನ್ ರಸಾಯನಶಾಸ್ತ್ರಜ್ಞ ಫ್ರೀಡ್ರಿಕ್ ಬೆರ್ಗಿಯುಸ್ 1913ರಲ್ಲಿ ಪೇಟೆಂಟ್ ಪಡೆದ, ಕಲ್ಲಿದ್ದಲನ್ನು ಅನಿಲವಾಗಿಸದೆಯೇ ತೈಲವಾಗಿಸುವ ನೇರ ವಿಧಾನದಲ್ಲಿ ಕಲ್ಲಿದ್ದಲಿನ ಪುಡಿಯನ್ನು ಭಾರವಾದ ಎಣ್ಣೆಯಲ್ಲಿ ಕಲಸಿ, ಆ ಕಪ್ಪು ಸರಿಯನ್ನು 400 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಶಾಖದಲ್ಲಿ, ವಾತಾವರಣದ ನೂರಾರು ಪಟ್ಟು ಒತ್ತಡದಲ್ಲಿ ಜಲಜನಕದೊಂದಿಗೆ ಕೂಡಿಸಲಾಗುತ್ತದೆ. ಜರ್ಮನಿಯ ಲೊಯ್ನಾದಲ್ಲಿ 1927ರಲ್ಲಿ ಶುರುವಾದ ಕಾರ್ಖಾನೆಯ ಕಚ್ಚಾವಸ್ತು ಲಿಗ್ನೈಟೇ. ಇಂತಹ ಕಡೆ ವೇಗವರ್ಧಕವಾಗಿ ಬಳಸುವ ಅಗ್ಗದ ಕಬ್ಬಿಣದ ಪುಡಿ ಗಂಧಕದೊಡನೆ ಸೇರಿ ಸಲ್ಫೈಡ್ ಆದಾಗಲೇ ಚೆನ್ನಾಗಿ ಕೆಲಸ ಮಾಡುತ್ತದೆ. ಕೊನೆಗೆ ಬೂದಿಯ ರಾಡಿಯಲ್ಲಿ ಬೆರೆತು ಹೋಗುತ್ತದೆ, ಬೇರ್ಪಡಿಸುವುದು ಲಾಭದ ಮಾತಲ್ಲ. ಹಾಗಾಗಿ ‘ಖರ್ಚಾಗುವುದಿಲ್ಲ’ ಎಂಬ ನಮ್ಮ ಮಾತು ರಸಾಯನಶಾಸ್ತ್ರಕ್ಕೆ ಸರಿ, ಕಾರ್ಖಾನೆಯ ಲೆಕ್ಕಪುಸ್ತಕಕ್ಕೆ ಅಲ್ಲ.

ಕಲ್ಲಿದ್ದಲನ್ನು ಮೊದಲು ಇಂಗಾಲದ ಮಾನಾಕ್ಸೈಡ್ ಮತ್ತು ಜಲಜನಕ ಬೆರೆತ ಅನಿಲವಾಗಿಸಿ, ಅದನ್ನು ತೈಲವಾಗಿಸುವ ಫಿಷರ್-ಟ್ರಾಪ್ಷ್ ವಿಧಾನ, 1955ರಿಂದ ದಕ್ಷಿಣ ಆಫ್ರಿಕಾದ ಸಸೋಲ್‌ಬರ್ಗ್‌ನಲ್ಲಿ ತೈಲ ಕೊಟ್ಟದ್ದು, ಬೇರೆಯೇ ದಾರಿ. ಅಲ್ಲಿ ಅದೇ ಗಂಧಕ ವೇಗವರ್ಧಕಕ್ಕೆ ವಿಷ; ಅನಿಲವನ್ನು ಬಹಳ ಶುದ್ಧಗೊಳಿಸದೆ ಒಳಗೆ ಬಿಡುವಂತಿಲ್ಲ. ಕಲ್ಲಿದ್ದಲಿನ ಅನಿಲದಲ್ಲಿ ಜಲಜನಕ ಕಡಿಮೆಯಿರುವುದರಿಂದ ವೇಗವರ್ಧಕವಾಗಿ ಕೋಬಾಲ್ಟ್‌ಗಿಂತ ಕಬ್ಬಿಣವೇ ಅನುಕೂಲ, ಏಕೆಂದರೆ ಅದು ಇಂಗಾಲದ ಮಾನಾಕ್ಸೈಡ್ ಮತ್ತು ನೀರಿನಿಂದ ಒಂದಿಷ್ಟು ಜಲಜನಕವನ್ನು ಅಲ್ಲೇ ಹುಟ್ಟಿಸಿಕೊಳ್ಳುತ್ತದೆ.

ಯಾವ ದಾರಿಯಲ್ಲೇ ಆಗಲಿ, ಬೇಕಾದ ಜಲಜನಕವನ್ನು ಸಾಮಾನ್ಯವಾಗಿ ಅದೇ ಕಲ್ಲಿದ್ದಲು ಮತ್ತು ನೀರಾವಿಯಿಂದ ಪಡೆಯುತ್ತಾರೆ. ನೀವು ಅಗ್ಗವೆಂದ ಕಲ್ಲಿದ್ದಲಿನ ದೊಡ್ಡ ಪಾಲು ಹೀಗೆ ತೈಲವಾಗದೆ, ಕಾರ್ಖಾನೆಯಲ್ಲೇ ಇಂಗಾಲದ ಡೈಆಕ್ಸೈಡ್ ಆಗಿ ಹೊರಟುಹೋಗುತ್ತದೆ.

— ಸಂ.