ದಿನಾ ನೀರು ಬದಲಿಸಿದರೂ ಗೋಲ್ಡ್ ಫಿಶ್ ಯಾಕೆ ಸಾಯುತ್ತಿವೆ?

ದುಂಡು ಗಾಜಿನ ಬೌಲ್‌ನಲ್ಲಿ ಎರಡು ಗೋಲ್ಡ್ ಫಿಶ್. ದಿನಾ ಬೆಳಗ್ಗೆ ಬೌಲ್ ತಿಕ್ಕಿ ತೊಳೆದು ನಲ್ಲಿ ನೀರು ತುಂಬಿಸುತ್ತೀರಿ. ಆದರೂ ಹತ್ತು ದಿನ ದಾಟುತ್ತಿಲ್ಲ, ಮಗಳಿಗೆ ಏನು ಹೇಳಲಿ ಎಂದು ಕೇಳಿದ್ದೀರಿ. ಓದಿ ಹೊಟ್ಟೆ ಚುರುಕ್ ಎಂದಿತು. ನಿಮ್ಮ ಕಾಳಜಿಗೆ ಏನೂ ಕಮ್ಮಿಯಿಲ್ಲ, ಆದರೆ ಆ ತೊಳೆಯುವುದೇ ಮೀನಿಗೆ ಮುಳುವಾಗುತ್ತಿದೆ.

ಮೀನು ಕಿವಿರಿನಿಂದ ಸದಾ ಅಮೋನಿಯಾ ಎಂಬ ವಿಷ ಬಿಡುತ್ತಿರುತ್ತದೆ. ನೀರು ಕನ್ನಡಿಯಂತೆ ತಿಳಿಯಾಗಿದ್ದರೂ ಅದು ಇರಬಹುದು. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಅದೂ ವಿಷವೇ. ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಇದು ತೀರಾ ಹೆಚ್ಚಾಗದಿದ್ದರೆ ಮೀನು ತಡೆದುಕೊಳ್ಳುತ್ತದೆ. ಈ ಬ್ಯಾಕ್ಟೀರಿಯಾ ಸ್ಪಾಂಜಿಗೂ ಕಲ್ಲಿಗೂ ಅಂಟಿಕೊಂಡು ನೆಲೆಯಾಗಲು ಸಾಮಾನ್ಯವಾಗಿ 4ರಿಂದ 6 ವಾರ ಬೇಕು. ನೀವು ಅದನ್ನು ದಿನಾ ತೊಳೆದು ಹಾಕುತ್ತಿದ್ದೀರಿ. ಸಾಲದ್ದಕ್ಕೆ ನಲ್ಲಿ ನೀರಿನ ಕ್ಲೋರಿನ್ ಕಿವಿರನ್ನು ಸುಡುತ್ತದೆ.

ನಾನೂ ಇದೇ ತಪ್ಪು ಮಾಡಿದ್ದೆ. ಫಿಲ್ಟರ್ ಸ್ಪಾಂಜ್ ಕಂದು ಬಣ್ಣಕ್ಕೆ ತಿರುಗಿ ಲೋಳೆಯಾಗಿದೆ ಎಂದು ನಲ್ಲಿಯ ಕೆಳಗೆ ಹಿಡಿದು, ಹೊಸದರಂತಾಗುವವರೆಗೆ ಹಿಂಡಿದೆ. ಮೂರನೇ ದಿನ ಮೀನುಗಳೆಲ್ಲ ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದವು. ಒಂದರ ಕಿವಿರು ಹುಣ್ಣಿನಂತೆ ಕೆಂಪಾಗಿತ್ತು, ಸಂಜೆಯೊಳಗೆ ಹೋಯಿತು. ಆ ಲೋಳೆಯೇ ಅವುಗಳ ಜೀವ ಕಾಯುತ್ತಿತ್ತು. ಈಗ ಟ್ಯಾಂಕಿನಿಂದ ತೆಗೆದ ನೀರನ್ನೇ ಬಕೆಟ್‌ಗೆ ಹಾಕಿ, ಅದರಲ್ಲಿ ಸ್ಪಾಂಜನ್ನು ಎರಡು ಸಲ ಹಿಂಡಿ ಬಿಡುತ್ತೇನೆ.

ಬೌಲನ್ನು ಮಾತ್ರ ಬಿಟ್ಟುಬಿಡಿ. ಗೋಲ್ಡ್ ಫಿಶ್ ಗೇಣುದ್ದ ಬೆಳೆಯಬಲ್ಲ, ಚೆನ್ನಾಗಿ ನೋಡಿಕೊಂಡರೆ 10 ವರ್ಷಕ್ಕೂ ಮೀರಿ ಬದುಕಬಲ್ಲ ಮೀನು. ಎರಡಕ್ಕೆ 100 ಲೀಟರ್ ಟ್ಯಾಂಕಾದರೂ ಬೇಕು, ಫಿಲ್ಟರ್ ಹಗಲೂ ರಾತ್ರಿ ಓಡಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ಹೊಸ ನೀರಿಗೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿ. ಆಹಾರ ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ. ಅಷ್ಟು ಜಾಗವಿಲ್ಲವೆಂದರೆ 20 ಲೀಟರ್ ಟ್ಯಾಂಕಿನಲ್ಲಿ ಒಂದೇ ಒಂದು ಬೆಟ್ಟಾ (ಫೈಟರ್ ಮೀನು) ಸಾಕಿ. ಅದು ಮೇಲೆ ಬಂದು ಗಾಳಿಯನ್ನೂ ಉಸಿರಾಡುತ್ತದೆ. ಆದರೂ ಫಿಲ್ಟರ್ ಬೇಕೇ ಬೇಕು. ಎರಡು ಗಂಡು ಬೆಟ್ಟಾಗಳನ್ನು ಒಟ್ಟಿಗೆ ಬಿಡಬೇಡಿ, ಕಚ್ಚಾಡಿ ಸಾಯುತ್ತವೆ.

ಮಗಳಿಗೆ ಈಗಲೇ ಹೊಸ ಮೀನು ತಂದುಕೊಡಬೇಡಿ. ನೀರು ತುಂಬಿದ, ಮೀನಿಲ್ಲದ ಟ್ಯಾಂಕಿನಲ್ಲಿ ಫಿಲ್ಟರ್ ಓಡಿಸಿ, ದಿನಕ್ಕೊಂದು ಚಿಟಿಕೆ ಮೀನಿನ ಆಹಾರ ಹಾಕುವ ಕೆಲಸ ಅವಳಿಗೆ ಕೊಡಿ. ಆಹಾರ ಕೊಳೆತು ಅಮೋನಿಯಾ ಬರುತ್ತದೆ, ಬ್ಯಾಕ್ಟೀರಿಯಾ ಅದನ್ನು ತಿಂದು ಬೆಳೆಯುತ್ತವೆ. ನೀರು ಪರೀಕ್ಷಿಸುವ ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಮೊದಲು ಏರಿ, ಆಮೇಲೆ ಎರಡೂ ಸೊನ್ನೆಗೆ ಇಳಿದು ನಾಲ್ಕು ದಿನ ಹಾಗೇ ನಿಂತ ಮೇಲೆ, ಅವಳನ್ನು ಕರೆದುಕೊಂಡು ಅಂಗಡಿಗೆ ಹೋಗಿ.